ಗೇನ್ ನಾಬ್ ನಿಮ್ಮ ಕೈಯಲ್ಲಿರಲಿ: ಮನೆಯಲ್ಲೇ ರೆಕಾರ್ಡ್ ಮಾಡುವವರಿಗೆ ಒಂದಿಷ್ಟು ಮಾತು

ಸಂಗೀತ ಕಲಿಯುವವರು, ಕಲಿಸುವವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

2020ರಲ್ಲಿ ಸಂಗೀತ ಪಾಠಗಳೆಲ್ಲ ಆನ್‌ಲೈನ್ ಆದಾಗ ಇಲ್ಲಿ ಕೂತಿರುವ ತುಂಬಾ ಜನ ಒಂದು ತೊಂದರೆ ಪಟ್ಟಿರುತ್ತೀರಿ. ನೀವು ಶ್ರುತಿಪೆಟ್ಟಿಗೆ ಹಾಕಿಕೊಂಡು ಹೇಳಿಕೊಡುತ್ತೀರಿ. ನಿಮ್ಮ ಕಿವಿಗೆ ಶ್ರುತಿ ತುಂಬಿ ಬರುತ್ತಿದೆ. ಆ ಕಡೆ ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಕೂತ ಹುಡುಗಿ ಮಾತ್ರ "ಮಿಸ್, ಶ್ರುತಿ ಕೇಳಿಸ್ತಿಲ್ಲ" ಅನ್ನುತ್ತಾಳೆ. ಜೋರು ಮಾಡಿದರೆ ಎರಡು ಸೆಕೆಂಡ್ ಕೇಳಿಸಿ ಮತ್ತೆ ಮಾಯ.

ಶ್ರುತಿಪೆಟ್ಟಿಗೆಯದ್ದೇನೂ ತಪ್ಪಿಲ್ಲ. ವಿಡಿಯೋ ಕಾಲ್ ಮಾಡುವ ಆಪ್‌ಗಳು ಮಾತಿಗಾಗಿ ಇರುವಂಥವು. ಏರಿಳಿಯುವ ಸದ್ದು ಮಾತು, ಒಂದೇ ಸಮ ಬರುವ ಸದ್ದು ಫ್ಯಾನು ಇಲ್ಲವೇ ಎಸಿ ಅಂತ ಅವು ಲೆಕ್ಕ ಹಾಕುತ್ತವೆ. ತಂಬೂರಿಯ ನಾದವೂ ಒಂದೇ ಸಮ ಬರುತ್ತದಲ್ಲ, ಅದನ್ನೂ ಫ್ಯಾನಿನ ಜೊತೆಗೇ ಒರೆಸಿಹಾಕುತ್ತವೆ. ಸಂಗೀತದವರಿಗೆ ಅಂತಲೇ ಜೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅನ್ನುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಈ ಒರೆಸುವ ಕೆಲಸ ನಿಲ್ಲುತ್ತದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವಾಗ ತೊಂದರೆ ಬೇರೆ ಥರ. ಸಾಮಾನ್ಯವಾಗಿ ಫೋನು ಮೆಲ್ಲಗೆ ಹಾಡಿದ್ದನ್ನು ತಾನೇ ಮೇಲೆತ್ತುತ್ತದೆ, ಜೋರಾಗಿ ಹಾಡಿದ್ದನ್ನು ತಾನೇ ಒತ್ತುತ್ತದೆ. ನೀವು ಮಂದ್ರದಿಂದ ನಿಧಾನಕ್ಕೆ ಆಲಾಪನೆ ಬೆಳೆಸುತ್ತಾ ಹೋಗಿ ತಾರಷಡ್ಜದಲ್ಲಿ ನಿಂತಿರುತ್ತೀರಿ. ಆಮೇಲೆ ಕೇಳಿದರೆ ಎಲ್ಲವೂ ಒಂದೇ ಮಟ್ಟ. ಉಸಿರು ತೆಗೆದುಕೊಳ್ಳಲು ನಿಂತ ಜಾಗದಲ್ಲಿ ಬೀದಿಯ ಸದ್ದು ಉಕ್ಕಿ ಬಂದಿರುತ್ತದೆ. ಬೆಳೆಸಿದ್ದು ಯಾವುದೂ ಉಳಿದಿಲ್ಲ.

ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದು ಇಷ್ಟೇ. ಸದ್ದು ಅಂಕಿಯಾಗಿ ಕಂಪ್ಯೂಟರಿನೊಳಗೆ ಹೋಗುವ ಮುಂಚೆ ಏನು ಹಾಳಾಯಿತೋ ಅದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಿ ಕೊಡುವುದಿಲ್ಲ. ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂತು ಆ ಘಟ್ಟವನ್ನು ನಮ್ಮ ಕೈಗೆ ಒಪ್ಪಿಸುವ ಸಾಧನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. ಅದಕ್ಕೇ ಅದನ್ನು ಕೊಂಡುಕೊಳ್ಳುವುದಕ್ಕಿಂತ ಅದರ ನಾಬ್‌ಗಳನ್ನು ಅರ್ಥ ಮಾಡಿಕೊಳ್ಳುವುದು ಮುಖ್ಯ.

ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ ನೋಡಿ. ಊಟದ ಡಬ್ಬಿಗಿಂತ ಚಿಕ್ಕದು. ಎರಡು ಮೈಕ್ ಹಾಕುವ ಜಾಗ, ಎರಡು ಗೇನ್ ನಾಬ್, ಹೆಡ್‌ಫೋನ್ ತೂತು, ಹಿಂದೆ ಸ್ಪೀಕರಿಗೆ ಎರಡು, ಒಂದು ಯುಎಸ್‌ಬಿ ತಂತಿ. ಫೋಕಸ್‌ರೈಟ್ ಸ್ಕಾರ್ಲೆಟ್, ಬೆರಿಂಗರ್, ಮೋಟು, ಆಡಿಯೆಂಟ್, ಹೀಗೆ ಹಲವು ಕಂಪನಿಗಳು ಮಾಡುತ್ತವೆ. ಒಳಗಿನ ಕೆಲಸ ಎಲ್ಲದರಲ್ಲೂ ಒಂದೇ. ಮೈಕ್‌ನಿಂದ ಬರುವ ವಿದ್ಯುತ್ತು ತೀರಾ ಸಣ್ಣದು, ಕೆಲವೇ ಮಿಲಿವೋಲ್ಟ್. ಪ್ರೀಆಂಪ್ ಅದನ್ನು ದೊಡ್ಡದು ಮಾಡುತ್ತದೆ. ಹೀಗೆ ಎಷ್ಟು ದೊಡ್ಡದು ಮಾಡುತ್ತೇವೆ ಅನ್ನುವುದೇ ಗೇನ್. 60 ಡೆಸಿಬೆಲ್ ಗೇನ್ ಅಂದರೆ 1000 ಪಟ್ಟು. ಹಾಗೆ ದೊಡ್ಡದಾದದ್ದನ್ನು ಕನ್ವರ್ಟರ್ ಸೆಕೆಂಡಿಗೆ 48,000 ಸಲ ಅಳೆದು ಅಂಕಿ ಮಾಡುತ್ತದೆ. ವಾಪಸ್ ಬರುವಾಗ ಅದೇ ಕೆಲಸ ಉಲ್ಟಾ ನಡೆದು ಹೆಡ್‌ಫೋನಿಗೆ ಸದ್ದು ಬರುತ್ತದೆ.

ಈಗ ಗೇನ್ ವಿಷಯಕ್ಕೆ ಬರೋಣ. ನನ್ನ ಮಾತಿನಲ್ಲಿ ಜಾಸ್ತಿ ಹೊತ್ತು ಇದಕ್ಕೇ.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡರು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನ ಸೇರಿ, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರು ಹಾಡಿದ ಕಾಲಕ್ಕೆ ಮೈಕೂ ಇಲ್ಲ, ಆಂಪ್ಲಿಫೈಯರೂ ಇಲ್ಲ. ದೊಡ್ಡ ಕೊಳವೆಯೊಂದರ ಬಾಯಿಗೆ ಮುಖ ಇಟ್ಟು ಹಾಡಬೇಕು. ಗಾಳಿಯ ಅಲುಗಾಟವೇ ಸೂಜಿಯನ್ನು ಅಲುಗಾಡಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮೆಲ್ಲಗೆ ಹಾಡಿದರೆ ಗೆರೆ ಮೂಡುವುದಿಲ್ಲ. ತೀರಾ ಜೋರಾದರೆ ಗೆರೆ ಅಂಕೆ ತಪ್ಪುತ್ತದೆ. ಆಗಿನ ಗಾಯಕರು ಏನು ಮಾಡುತ್ತಿದ್ದರು? ಮೆಲ್ಲಗಿನ ಜಾಗದಲ್ಲಿ ಕೊಳವೆಯ ಹತ್ತಿರ ಬರುತ್ತಿದ್ದರು, ಎತ್ತರದ ಸ್ವರಕ್ಕೆ ಹಿಂದೆ ಸರಿಯುತ್ತಿದ್ದರು. ಗೇನ್ ನಾಬ್ ಕೆಲಸವನ್ನು ಅವರ ಮೈಯೇ ಮಾಡುತ್ತಿತ್ತು. 1925ರ ಸುಮಾರಿಗೆ ಮೈಕಿನ ರೆಕಾರ್ಡಿಂಗ್ ಬಂದ ಮೇಲೆ ಆ ಕಷ್ಟ ತಪ್ಪಿತು. ಆದರೆ ತೀರಾ ಕಮ್ಮಿ ಮತ್ತು ತೀರಾ ಜಾಸ್ತಿ, ಈ ಎರಡರ ನಡುವೆ ಹಾಡನ್ನು ಕೂರಿಸುವ ಕೆಲಸ ಇವತ್ತಿಗೂ ತಪ್ಪಿಲ್ಲ.

ಡಿಜಿಟಲ್‌ನಲ್ಲಿ ಮೇಲಿನ ಮಿತಿ ಬಲು ಕಟ್ಟುನಿಟ್ಟು. ಮೀಟರಿನಲ್ಲಿ 0 ಅಂತ ಕಾಣುತ್ತದಲ್ಲ, ಅದರಾಚೆಗೆ ಬರೆಯಲು ಅಂಕಿಯೇ ಇಲ್ಲ. ನಿಮ್ಮ ತಾರಸ್ಥಾಯಿಯ ಪಂಚಮ ಅದನ್ನು ದಾಟಿದರೆ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಪರಪರ ಅನ್ನುವ ಸದ್ದು ಕೇಳುತ್ತದೆ. ಇದೇ ಕ್ಲಿಪ್ ಆಗುವುದು ಅಂದರೆ. ಆಮೇಲೆ ಸದ್ದು ಕಮ್ಮಿ ಮಾಡಿದರೆ ಕತ್ತರಿಸಿದ ತಲೆ ಮೆಲ್ಲಗೆ ಕೇಳುತ್ತದೆ ಅಷ್ಟೇ.

"ಮೀಟರ್ ಮೇಲಿನವರೆಗೂ ತುಂಬಬೇಕು" ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಟೇಪಿನ ಕಾಲದಲ್ಲಿ ಅದರಲ್ಲಿ ಅರ್ಥ ಇತ್ತು. ಯಾಕೆಂದರೆ ಟೇಪಿನದೇ ಒಂದು ಸುಯ್ಯೆನ್ನುವ ಸದ್ದು ಇತ್ತು, ಮೆಲ್ಲಗೆ ರೆಕಾರ್ಡ್ ಮಾಡಿದರೆ ಹಾಡು ಅದರಲ್ಲಿ ಮುಳುಗುತ್ತಿತ್ತು. ಈಗ ಬರುವ ಇಂಟರ್‌ಫೇಸ್‌ಗಳು 24 ಬಿಟ್‌ನವು. 16 ಬಿಟ್‌ನಲ್ಲಿ ಸದ್ದನ್ನು ಅಳೆಯಲು 65,536 ಮೆಟ್ಟಿಲು ಇದ್ದರೆ 24 ಬಿಟ್‌ನಲ್ಲಿ ಸುಮಾರು 1 ಕೋಟಿ 67 ಲಕ್ಷ. ಒಂದು ಬಿಟ್ ಅಂದರೆ ಹೆಚ್ಚುಕಡಿಮೆ 6 ಡೆಸಿಬೆಲ್. ಮೇಲೆ 12 ಡೆಸಿಬೆಲ್ ಖಾಲಿ ಬಿಟ್ಟರೂ ನೀವು ಕಳೆದುಕೊಳ್ಳುವುದು ಎರಡೇ ಬಿಟ್. ಇನ್ನೂ 22 ಉಳಿದಿರುತ್ತದೆ. ಹಾಗಾಗಿ ಧಾರಾಳವಾಗಿ ಜಾಗ ಬಿಡಿ.

ಮಾಡುವ ಕ್ರಮ ಹೀಗೆ. ಮೈಕ್ ಮುಂದೆ "ಹಲೋ, ಒನ್ ಟೂ ತ್ರೀ" ಅಂದುಕೊಂಡು ಗೇನ್ ಇಡಬೇಡಿ. ಅದು ನೀವು ಹಾಡುವ ಜೋರಲ್ಲ. ಇವತ್ತು ಹಾಡಲಿರುವ ಕೃತಿಯಲ್ಲಿ ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಜೋರಿನ ಸಂಗತಿ ಯಾವುದೋ ಅದನ್ನೇ ಪೂರ್ತಿ ದನಿಯಲ್ಲಿ ಹಾಡಿ. ಆಗ ಮೀಟರಿನ ಮೇಲ್ತುದಿ ಮೈನಸ್ 12ರ ಹತ್ತಿರ ಬರುವ ಹಾಗೆ ನಾಬ್ ತಿರುಗಿಸಿ. ದನಿ ಬಿಸಿಯಾದ ಮೇಲೆ ಎಲ್ಲರೂ ಮೊದಲಿಗಿಂತ ಜೋರಾಗಿಯೇ ಹಾಡುತ್ತಾರೆ, ಆ 12 ಡೆಸಿಬೆಲ್ ಇರುವುದು ಅದಕ್ಕೇ. ಮೃದಂಗವಾದರೆ ಇನ್ನೂ ಕೆಳಗೆ, ಮೈನಸ್ 18ರ ಹತ್ತಿರ ಇಡಿ. ಮೃದಂಗದ ಪೆಟ್ಟು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಂದು ಹೋಗುತ್ತದೆ. ಕೆಲವು ಮೀಟರ್‌ಗಳು ಅದನ್ನು ಪೂರ್ತಿ ತೋರಿಸುವುದೇ ಇಲ್ಲ. ಒಮ್ಮೆ ಇಟ್ಟ ಮೇಲೆ ಹಾಡಿನ ನಡುವೆ ಗೇನ್ ಮುಟ್ಟಬೇಡಿ.

ತೀರಾ ಕಮ್ಮಿ ಇಟ್ಟರೂ ಕಷ್ಟವೇ. ಆಮೇಲೆ ಎತ್ತುವಾಗ ಪ್ರೀಆಂಪಿನ ಸದ್ದೂ ಜೊತೆಗೆ ಏಳುತ್ತದೆ. ಶ್ಯೂರ್ ಎಸ್‌ಎಂ58 ಥರದ ಡೈನಮಿಕ್ ಮೈಕಿಗೆ ಗೇನ್ ಜಾಸ್ತಿ ಬೇಕು. ಕಂಡೆನ್ಸರ್ ಮೈಕಿಗೆ ಕಮ್ಮಿ ಸಾಕು, ಆದರೆ ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ತಂತಿಯಲ್ಲೇ ಹೋಗುವ ವಿದ್ಯುತ್ತು, ಕೊಡಬೇಕು. ಇಂಟರ್‌ಫೇಸಿನ ಮೇಲೆ '48ವಿ' ಅಂತ ಬಟನ್ ಇರುತ್ತದೆ. ಗೇನ್ ಇಳಿಸಿ, ಮೈಕ್ ಸಿಕ್ಕಿಸಿ, ಆಮೇಲೆ ಬಟನ್ ಒತ್ತಿ. ತೆಗೆಯುವಾಗ ಮೊದಲು ಬಟನ್ ಆಫ್. ಕಂಡೆನ್ಸರ್ ಮೈಕ್ ಕೊಂಡು "ಸದ್ದೇ ಬರ್ತಿಲ್ಲ" ಅನ್ನುವವರು ಮೊದಲು ಈ ಬಟನ್ ನೋಡಿ.

ವೀಣೆ, ಗಿಟಾರ್, ಪಿಟೀಲಿಗೆ ಪಿಕಪ್ (ವಾದ್ಯದ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಸಾಧನ) ಹಾಕಿಕೊಂಡವರು 'ಇನ್ಸ್ಟ್' (INST) ಅಂತ ಬರೆದ ಬಟನ್ ಒತ್ತಲೇಬೇಕು. ಅಂಟಿಸುವ ಪಿಕಪ್‌ಗಳಿಗೆ ತುಂಬಾ ಹೆಚ್ಚಿನ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಇರುವ ಜಾಗ ಬೇಕು, 10 ಲಕ್ಷ ಓಮ್‌ನಷ್ಟು. ಲೈನ್ ಇನ್‌ಪುಟ್‌ಗೆ ನೇರ ಹಾಕಿದರೆ ಮಂದ್ರದ ತಂತಿ ಸೊರಗಿ, ಸದ್ದು ತಗಡಿನ ಹಾಗೆ ಆಗುತ್ತದೆ. ನನ್ನನ್ನು ಕೇಳಿದರೆ ಮನೆಯ ರೆಕಾರ್ಡಿಂಗಿಗೆ ವೀಣೆಯ ಕೊಡದ ಮುಂದೆ ಒಂದು ಮೈಕ್ ಇಡುವುದೇ ಚಂದ. ಗಮಕದಲ್ಲಿ ತಂತಿ ಎಳೆದಾಗ ಮರ ಕೊಡುವ ನಾದ ಪಿಕಪ್‌ನಲ್ಲಿ ಸಿಗುವುದಿಲ್ಲ.

ಮುಂದಿನದು ತಡ, ಲೇಟೆನ್ಸಿ. ಹೆಡ್‌ಫೋನ್ ಹಾಕಿಕೊಂಡು ಹಾಡುತ್ತೀರಿ. ನಿಮ್ಮ ದನಿ ಒಂದು ಚೂರು ಹಿಂದೆ ಬಿದ್ದು ಕೇಳುತ್ತದೆ. ತಾಳ ಜಾರುತ್ತದೆ. ಬೇಜಾರಾಗಿ ಹೆಡ್‌ಫೋನ್ ಕಿತ್ತಿಡುತ್ತೀರಿ.

ಕಂಪ್ಯೂಟರ್ ಒಂದೊಂದು ಅಂಕಿಯನ್ನೂ ಬಂದ ಹಾಗೆ ತೆಗೆದುಕೊಳ್ಳುವುದಿಲ್ಲ. ಶೇರ್ ಆಟೋದವನ ಲೆಕ್ಕ ಅದು, ಸೀಟು ತುಂಬುವವರೆಗೆ ಹೊರಡುವುದಿಲ್ಲ. ಎಷ್ಟು ಸೀಟು ಅನ್ನುವುದೇ ಬಫರ್ ಸೈಜ್. 1024 ಅಂತ ಇಟ್ಟರೆ, 48,000ದ ಲೆಕ್ಕದಲ್ಲಿ ತುಂಬಲು ಸುಮಾರು 21 ಮಿಲಿಸೆಕೆಂಡ್ ಬೇಕು. 256 ಇಟ್ಟರೆ 5 ಮಿಲಿಸೆಕೆಂಡ್ ಚಿಲ್ಲರೆ. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ, ಹಾಗಾಗಿ ಎರಡು ಪಟ್ಟು ಹಿಡಿಯಿರಿ, ಮೇಲೆ ಇನ್ನೊಂದಿಷ್ಟು. ಹಾಗಾದರೆ ಚಿಕ್ಕದೇ ಇಡೋಣ ಅಂದರೆ ಪ್ರೊಸೆಸರ್ ಮೇಲಿಂದ ಮೇಲೆ ಓಡಬೇಕು. ಹಳೆಯ ಲ್ಯಾಪ್‌ಟಾಪ್ ಸುಸ್ತಾಗಿ ಟಪ್ ಟಪ್ ಅಂತ ಸದ್ದು ಬಿಡುತ್ತದೆ.

ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 10 ಮಿಲಿಸೆಕೆಂಡ್ ತಡ ಅಂದರೆ ಮೂರೂವರೆ ಮೀಟರ್ ದೂರದಲ್ಲಿ ಕೂತವರ ವಾದ್ಯ ಕೇಳಿದ ಹಾಗೆ. ಪಕ್ಕವಾದ್ಯಕ್ಕೆ ಅದು ಏನೂ ಅಲ್ಲ. ಸ್ವಂತ ದನಿ ಹಾಗೆ ಕೇಳಿದರೆ ಮಾತ್ರ ಕಿರಿಕಿರಿ. ಏಕೆಂದರೆ ನಿಮ್ಮ ದನಿ ತಲೆಯ ಮೂಳೆಯ ಮೂಲಕವೂ ನಿಮಗೆ ಕೇಳುತ್ತಿರುತ್ತದೆ, ಎರಡೂ ಒಂದಕ್ಕೊಂದು ಹೊಡೆದಾಡುತ್ತವೆ.

ಇದಕ್ಕೆ ಇಂಟರ್‌ಫೇಸಿನಲ್ಲೇ ಮದ್ದು ಇದೆ. 'ಡೈರೆಕ್ಟ್ ಮಾನಿಟರ್' ಅನ್ನುವ ಬಟನ್. ಅದನ್ನು ಒತ್ತಿದರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರುವ ಗೋಜಿಲ್ಲದೆ ಡಬ್ಬಿಯಿಂದಲೇ ಹೆಡ್‌ಫೋನಿಗೆ ಬರುತ್ತದೆ. ತಡವೇ ಇರುವುದಿಲ್ಲ ಅನ್ನಬಹುದು. ಒಂದನ್ನು ಮಾತ್ರ ನೆನಪಿಡಿ. ಡೈರೆಕ್ಟ್ ಮಾನಿಟರ್ ಹಾಕಿದಾಗ ಸಾಫ್ಟ್‌ವೇರಿನೊಳಗಿನ ಮಾನಿಟರಿಂಗ್ ಆಫ್ ಮಾಡಬೇಕು. ಎರಡೂ ಆನ್ ಇದ್ದರೆ ಒಂದೇ ದನಿ ಎರಡು ಸಲ ಕೇಳುತ್ತದೆ.

ವಿಂಡೋಸ್ ಬಳಸುವವರು ಇಂಟರ್‌ಫೇಸ್ ಮಾಡಿದ ಕಂಪನಿಯ ಆಸಿಯೋ (ASIO) ಡ್ರೈವರ್ ಹಾಕಿಕೊಳ್ಳಿ. ವಿಂಡೋಸಿನ ಮಾಮೂಲಿ ದಾರಿಯಲ್ಲಿ ಆಗುವ ತಡ ತಪ್ಪಿಸಲು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ದಾರಿ ಅದು. ಮ್ಯಾಕ್‌ನಲ್ಲಿ ಬಹುಪಾಲು ಇಂಟರ್‌ಫೇಸ್‌ಗಳು ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತವೆ. ಲಿನಕ್ಸ್‌ನಲ್ಲೂ 'ಕ್ಲಾಸ್ ಕಂಪ್ಲಯಂಟ್' ಅಂತ ಇರುವ, ಅಂದರೆ ಬೇರೆ ಡ್ರೈವರ್ ಬೇಡದ, ಇಂಟರ್‌ಫೇಸ್‌ಗಳು ಹಾಗೇ ನಡೆಯುತ್ತವೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡವೇ ಬೇಡ. ಅದರ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಜಾಸ್ತಿ.

ಹಾಡುಗಾರರು ಒಂದು ಕಿವಿಯ ಹೆಡ್‌ಫೋನ್ ಸರಿಸಿಕೊಂಡು ಹಾಡುವುದನ್ನು ನೋಡಿರುತ್ತೀರಿ. ಸ್ವಂತ ದನಿ ಗಾಳಿಯಲ್ಲಿ ಕೇಳಿದರೇ ಶ್ರುತಿ ನಿಲ್ಲುತ್ತದೆ, ಸರಿಯೇ. ಸರಿಸಿದ ಭಾಗ ತಲೆಗೆ ಒತ್ತಿಕೊಂಡಿರಲಿ. ಇಲ್ಲದಿದ್ದರೆ ಅದರಿಂದ ಶ್ರುತಿ, ತಾಳ ಸೋರಿ ಮೈಕಿಗೆ ಬೀಳುತ್ತದೆ.

ಶ್ರುತಿ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು. ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್ ತೆಗೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಲೈನ್ ಔಟ್ ಇದ್ದರೆ, ತಂತಿ ಹಾಕಿ ಎರಡನೇ ಇನ್‌ಪುಟ್‌ಗೆ ಕೊಡಿ. ದನಿ ಒಂದು ಟ್ರ್ಯಾಕ್, ಶ್ರುತಿ ಇನ್ನೊಂದು. ಆಮೇಲೆ ಶ್ರುತಿಯನ್ನು ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಬಹುದು. ತಪ್ಪಾದ ಒಂದು ಸಾಲನ್ನು ಮತ್ತೆ ಹಾಡಿ ಸೇರಿಸಿದರೆ ಶ್ರುತಿ ತುಂಡಾಗುವುದಿಲ್ಲ. ಪೆಟ್ಟಿಗೆ ಮೈಕ್ ಮುಂದೆಯೇ ಮೊಳಗುತ್ತಿದ್ದರೆ ಈ ಯಾವ ಅನುಕೂಲವೂ ಇಲ್ಲ, ದನಿಗೆ ಕತ್ತರಿ ಹಾಕಿದರೆ ಶ್ರುತಿಗೂ ಬೀಳುತ್ತದೆ.

ದನಿ ಒಂದೇ ಕಿವಿಯಲ್ಲಿ ಕೇಳುತ್ತದೆ ಅನ್ನುವ ದೂರು ತುಂಬಾ ಬರುತ್ತದೆ. ಇಂಟರ್‌ಫೇಸ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋಗುವವರೂ ಇದ್ದಾರೆ. ಕೆಟ್ಟಿರುವುದಿಲ್ಲ. ಮೊದಲ ಇನ್‌ಪುಟ್ ಎಡಗಡೆ, ಎರಡನೆಯದು ಬಲಗಡೆ. ಮೈಕ್ ಒಂದರಲ್ಲಿ ಮಾತ್ರ ಇದೆ, ನೀವು ಸ್ಟೀರಿಯೋ ಟ್ರ್ಯಾಕ್ ತೆರೆದಿದ್ದೀರಿ. ಮೋನೋ ಟ್ರ್ಯಾಕ್ ಮಾಡಿ, ಇನ್‌ಪುಟ್ 1 ಆರಿಸಿ. ನಡುವೆ ಬಂದು ಕೂರುತ್ತದೆ.

ಇನ್ನು ಕೋಣೆ. ಇದು ಇಂಟರ್‌ಫೇಸಿನಾಚೆಯ ಮಾತು, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ನಮ್ಮ ಮನೆಗಳಲ್ಲಿ ನೆಲಕ್ಕೆ ಟೈಲ್ಸ್, ಗೋಡೆಗೆ ಸಿಮೆಂಟು, ಮೇಲೆ ಆರ್‌ಸಿಸಿ. ಚಪ್ಪಾಳೆ ತಟ್ಟಿದರೆ ಝಣ್ ಅನ್ನುತ್ತದೆ. ಬಟ್ಟೆ ತುಂಬಿದ ಬೀರು ಇರುವ ಕೋಣೆ ಹುಡುಕಿ. ಬಾಗಿಲು ತೆರೆದಿಡಿ, ಸೀರೆಗಳು ಸದ್ದು ಕುಡಿಯಲಿ. ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿ, ಕಾಲಡಿಗೆ ಜಮಖಾನ. ಮೊಟ್ಟೆ ಟ್ರೇ ಅಂಟಿಸುವುದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ.

ಅದಕ್ಕೂ ಅಗ್ಗದ ಉಪಾಯ ಮೈಕಿಗೆ ಹತ್ತಿರ ಬರುವುದು. ದೂರ ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಗುಂಯ್‌ಗುಡುವಿಕೆ ಇದ್ದ ಹಾಗೇ ಇರುತ್ತದೆ. ಹಾಡಿಗೆ ಒಂದು ಗೇಣು, ಒಂದೂವರೆ ಗೇಣು ದೂರ ಒಳ್ಳೆಯದು. ತೀರಾ ಮುತ್ತಿಡುವ ಹಾಗೆ ಹೋದರೆ ಕೆಳಗಿನ ಸ್ವರ ಉಬ್ಬುತ್ತದೆ. ನಮ್ಮ ಭಾಷೆಯಲ್ಲಿ ಪ, ಫ, ಬ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ. ನಡುವೆ ಒಂದು ಪಾಪ್ ಫಿಲ್ಟರ್ ಇಡಿ, ಇಲ್ಲವೇ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಫ್ಯಾನ್ ಆಫ್. ಬೇಸಿಗೆಯಲ್ಲಿ ಕಷ್ಟವೇ, ಆದರೂ ಆಫ್.

ಗುಂಯ್ ಅನ್ನುವ ಕರೆಂಟಿನ ಸದ್ದು ಬರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ತೊಂದರೆ ಅಲ್ಲಿಂದ ಬಂದದ್ದು. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಇದೆಯಾ ನೋಡಿಸಿ. ಸದ್ದು ಹೋಗುತ್ತದೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವ ಸಲಹೆ ಯಾರಾದರೂ ಕೊಟ್ಟರೆ ಖಂಡಿತ ಕೇಳಬೇಡಿ. ಅದು ಜೀವದ ಪ್ರಶ್ನೆ.

ಈಗ ಪ್ರಶ್ನೆಗಳು.

"ಯುಎಸ್‌ಬಿ ಮೈಕ್ ಸಾಕಲ್ವಾ ಸರ್?" ಅಂತ ಒಬ್ಬರು ಕೇಳಿದರು. ಒಬ್ಬರೇ ಹಾಡುವುದು, ಶ್ರುತಿ ಆಪ್‌ನಿಂದ ಬರುತ್ತದೆ ಅಂದರೆ ಖಂಡಿತ ಸಾಕು. ಅದರ ಹೊಟ್ಟೆಯಲ್ಲೂ ಪ್ರೀಆಂಪು, ಕನ್ವರ್ಟರ್ ಇದೆ. ಕಷ್ಟ ಬರುವುದು ಎರಡನೇ ಮೈಕ್ ಬೇಕಾದಾಗ. ಎರಡು ಯುಎಸ್‌ಬಿ ಮೈಕ್‌ಗಳಿಗೆ ಸದ್ದು ಅಳೆಯುವ ವೇಗ ಕಾಯುವ ಎರಡು ಬೇರೆ ಗಡಿಯಾರ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಯ ಕಛೇರಿ ಮುಗಿಯುವ ಹೊತ್ತಿಗೆ ದನಿ ಮತ್ತು ಮೃದಂಗ 72 ಮಿಲಿಸೆಕೆಂಡ್ ಬೇರೆಯಾಗಿರುತ್ತವೆ. ಇಂಟರ್‌ಫೇಸಿನಲ್ಲಿ ಎಷ್ಟು ಇನ್‌ಪುಟ್ ಇದ್ದರೂ ಗಡಿಯಾರ ಒಂದೇ.

"96 ಕಿಲೋಹರ್ಟ್ಸ್‌ನಲ್ಲಿ ಮಾಡಿದರೆ ಇನ್ನೂ ಚೆನ್ನಾಗಿರುತ್ತದಾ?" ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ. ಅದಕ್ಕೆ 48, ಅಂದರೆ ಸೆಕೆಂಡಿಗೆ 48,000 ಸಲ ಅಳೆಯುವುದು, ಸಾಕು, ಸಿ.ಡಿ.ಗೆ 44.1 ಸಾಕಾಗಿತ್ತು. 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು ಮರೆತುಬಿಡಿ. ವಿಡಿಯೋಗೂ ಅದೇ ಸರಿಹೊಂದುತ್ತದೆ. ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ ಜಾಗ ಹಿಡಿಯುತ್ತದೆ. ಸಾಫ್ಟ್‌ವೇರಿನಲ್ಲೂ ಇಂಟರ್‌ಫೇಸಿನಲ್ಲೂ ಒಂದೇ ಅಂಕಿ ಇರಲಿ. 44.1ರಲ್ಲಿ ಮಾಡಿದ್ದು ತಪ್ಪಿ 48ರಲ್ಲಿ ಓಡಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ, ಹಾಡೂ ಅಷ್ಟೇ ಚುರುಕಾಗುತ್ತದೆ.

ಸಾಫ್ಟ್‌ವೇರ್ ಯಾವುದು ಅಂತ ಇಬ್ಬರು ಮೂವರು ಕೇಳಿದರು. ಆಡಾಸಿಟಿ ಉಚಿತ, ಕಲಿಯಲು ಸುಲಭ. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಇದೆ. ಮುಂದೆ ಹೋಗುವವರಿಗೆ ರೀಪರ್. ಇದರಲ್ಲಿ ಯಾವುದೂ ನಿಮ್ಮ ದನಿಯ ಗುಣ ಬದಲಿಸುವುದಿಲ್ಲ, ಕೈಗೆ ಒಗ್ಗಿದ್ದನ್ನು ಇಟ್ಟುಕೊಳ್ಳಿ.

ಕೊನೆಗೆ ಒಬ್ಬ ಅಮ್ಮ ಕೇಳಿದರು, "ನಮ್ಮನೇಲಿ ಕಂಪ್ಯೂಟರ್ ಇಲ್ಲ. ಮಗಳ ಹತ್ರ ಫೋನ್ ಅಷ್ಟೇ ಇರೋದು. ಇದನ್ನ ಅದಕ್ಕೆ ಹಾಕಬಹುದಾ?" ಹಾಕಬಹುದು ಅಮ್ಮ. ಕ್ಲಾಸ್ ಕಂಪ್ಲಯಂಟ್ ಇಂಟರ್‌ಫೇಸ್ ಆಗಿರಬೇಕು, ಕೊಳ್ಳುವಾಗ ಅದನ್ನೇ ಕೇಳಿ. ಆಂಡ್ರಾಯ್ಡ್ ಫೋನಿಗೆ ಓಟಿಜಿ ತಂತಿ ಬೇಕು, ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸುಲಭವಾಗಿ ಸಿಗುತ್ತದೆ. ಫೋನಿಗೆ ಇಂಟರ್‌ಫೇಸನ್ನೂ 48 ವೋಲ್ಟ್ ಮೈಕನ್ನೂ ಸಾಕುವಷ್ಟು ಶಕ್ತಿ ಕೆಲವೊಮ್ಮೆ ಇರುವುದಿಲ್ಲ. ಆಗ ಹೊರಗಿನಿಂದ ಪವರ್ ಕೊಡುವ ಯುಎಸ್‌ಬಿ ಹಬ್ ನಡುವೆ ಹಾಕಿ. ಏರ್‌ಪ್ಲೇನ್ ಮೋಡ್ ಹಾಕಿಬಿಟ್ಟರೆ ಹಾಡಿನ ನಡುವೆ ಕಾಲ್ ಬರುವುದಿಲ್ಲ. ಆಪ್‌ನ ಸೆಟಿಂಗ್‌ನಲ್ಲಿ 'ಆಟೋ ಗೇನ್', 'ನಾಯ್ಸ್ ರಿಡಕ್ಷನ್' ಅಂತ ಏನಾದರೂ ಕಂಡರೆ ಎರಡನ್ನೂ ಆಫ್ ಮಾಡಿ. ಆಮೇಲೆ ಮಗಳ ಕೈಲಿ ಹಾಡಿನ ಅತಿ ಎತ್ತರದ ಜಾಗ ಹಾಡಿಸಿ, ಗೇನ್ ನೀವೇ ತಿರುಗಿಸಿ.